ಅಕ್ಕೋರು ಮತ್ತು ಶನಿಯ ಚಂದ್ರ

ಸಿಟ್ಟು ಬಂದರೆ ಅಕ್ಕೋರ ಕಿವಿ ಮೊದಲು ಕೆಂಪಾಗುತ್ತಿತ್ತು, ಮಾತು ಆಮೇಲೆ. ಲಂಡನ್ನಿನ ಪಾರ್ಕ್ ರಾಯಲ್‌ನ ಚಪಾತಿ ಫ್ಯಾಕ್ಟರಿಯಲ್ಲಿ ಅವರ ಪಕ್ಕ ನಿಂತು ಪ್ಯಾಕ್ ಮಾಡುತ್ತಿದ್ದ ನನ್ನಮ್ಮ, ತಲೆಗೆ ಹಾಕುವ ನೀಲಿ ಬಲೆಯೊಳಗೂ ಆ ಕೆಂಪು ಕಾಣುತ್ತದೆ ಅನ್ನುತ್ತಿದ್ದಳು. ಅಕ್ಕೋರ ಹೆಸರು ನೀಲಮ್ಮ. ಗದಗಿನಲ್ಲಿ ಹದಿನಾಲ್ಕು ವರ್ಷ ವಿಜ್ಞಾನ ಕಲಿಸಿದ್ದರು. ಅವರ ಡಿಗ್ರಿ ಇಲ್ಲಿ ಯಾರಿಗೂ ಬೇಕಾಗಲಿಲ್ಲ. ಅವರ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ಲಂಡನ್ನಿನಲ್ಲಿ ಹಾಗೆ ಕರೆದವಳು ನಾನೊಬ್ಬಳೇ.

ತೊಂಬತ್ತರ ದಶಕದ ಆ ಚಳಿಗಾಲಗಳು. ಸಂಜೆ ಐದಕ್ಕೇ ಕತ್ತಲು. ಅಕ್ಕೋರು ಶಿಫ್ಟ್ ಮುಗಿಸಿ ಬಂದವರೇ ಕಿಂಗ್ಸ್‌ಬರಿಯ ನಮ್ಮ ಫ್ಲ್ಯಾಟಿನ ಹಿಂದೆ, ಕಸದ ತೊಟ್ಟಿಗಳ ಪಕ್ಕ, ಮೋರಿ ಪೈಪಿನಷ್ಟು ದಪ್ಪದ ಟೆಲಿಸ್ಕೋಪು ನಿಲ್ಲಿಸುತ್ತಿದ್ದರು. ಒಮ್ಮೆ ಶನಿಯ ಒಂದು ಚಂದ್ರನನ್ನು ಹುಡುಕಿ ಸೋತು ನಾನು ನೋಟ್‌ಬುಕ್ಕಿನಲ್ಲಿ 'ಪೂರ್ವಕ್ಕೆ: ಚಂದ್ರ ಇಲ್ಲ' ಎಂದು ಬರೆದೆ. ಅಕ್ಕೋರ ಕಿವಿ ಕೆಂಪಾಯಿತು.

"ಇಲ್ಲ ಅನ್ನಾಕ ನೀ ಯಾರವಾ? ಮುನ್ನೂರು ವರ್ಷದ ಹಿಂದ ಪ್ಯಾರಿಸ್ಸಿನಾಗ ಇದನ್ನ ಹುಡುಕಿದಾಂವಗ ಶನಿಯ ಪಡುವಲಕ ಇದ್ದಾಗ ಕಾಣ್ತಿತ್ತು, ಮೂಡಲಕ ಬಂದ್ರ ಕಾಣವಲ್ದು. ಇಲ್ಲ ಅಂತ ಬರದನೇನು? ಅದರದೊಂದು ಮಗ್ಗಲು ಕಪ್ಪೈತಿ ಅಂತ ಬರದ. ಮುಂದ ದೊಡ್ಡ ಟೆಲಿಸ್ಕೋಪಿನಾಗ ಮೂಡಲಕೂ ನೋಡೇ ಬಿಟ್ಟ. ಹೊಡದಹಾಕು. 'ಕಾಣಲಿಲ್ಲ' ಅಂತ ಬರಿ."

ಹೊಡೆದುಹಾಕಿ ಬರೆದೆ. ಅಕ್ಕೋರು ನಕ್ಕರು. "ನಂದು ಉಲ್ಟಾ ನೋಡು. ಮೂಡಲಕ ಕಾಣ್ತಿದ್ದೆ, ಪಡುವಲಕ ಬಂದು ಮಾಯ ಆದೆ."

ಬೆಳಗಿನ ಜಾವ ಆಫೀಸುಗಳನ್ನು ಗುಡಿಸಿ, ಹಗಲು ಓದಿ, ನಮ್ಮ ಮನೆತನದಲ್ಲೇ ಮೊದಲ ಡಿಗ್ರಿ ಪಡೆದೆ. ಭೌತಶಾಸ್ತ್ರ. ಆ ವರ್ಷ ಹ್ಯಾರೋದ ಕನ್ನಡ ಕೂಟದಲ್ಲಿ ಅಕ್ಕೋರ ಭಾಷಣ ಇಡಿಸಿದೆ. ಕೂಟದ ಕಾರ್ಯದರ್ಶಿ ಮೈಸೂರಿನವ. ಆತನಿಗೆ ಫೋನಿನಲ್ಲಿ, "ಶನಿಯ ಬಗ್ಗೆ ಮಾತಾಡ್ತಾರೆ" ಅಂದೆ. ಆತ 'ಪ್ರಸಿದ್ಧ ಜ್ಯೋತಿಷಿ ನೀಲಮ್ಮ' ಎಂದು ಅಚ್ಚು ಹಾಕಿಸಿದ! ಹಾಲ್ ತುಂಬ ಜನ, ಕೈ ತುಂಬ ಜಾತಕ.

ಅಕ್ಕೋರು ಬಾಯಿ ತೆರೆಯುವ ಮೊದಲೇ ರೇಷ್ಮೆ ಸೀರೆಯ ಡಾಕ್ಟರ್ ಹೆಂಡತಿಯೊಬ್ಬರು ಎದ್ದರು. "ಮೇಡಂ, ನಮ್ಮ ಮಗನಿಗೆ ಸಾಡೇಸಾತಿ ಯಾವಾಗ ಮುಗಿಯತ್ತೆ?"

"ಶನಿಯ ಉಂಗುರದಾಗಿನ ಸಂದಿ ಎಷ್ಟು ಅಗಲ ಐತಿ ಕೇಳ್ರಿ, ಹೇಳ್ತೀನಿ. ನಿಮ್ಮ ಮಗನ ಹಣೆಬರಾ ಓದಾಕ ಶನಿಗೆ ಬರೂದಿಲ್ಲ."

ಕಾರ್ಯದರ್ಶಿ ಮೈಕು ಕಿತ್ತುಕೊಂಡ. "ಊಟ ರೆಡಿ ಇದೆ, ಎಲ್ಲರೂ ಬನ್ನಿ."

ಚಪಾತಿ ಡಬ್ಬದ ರಟ್ಟಿನ ಮೇಲೆ ಬರೆದು ತಂದಿದ್ದ ಶನಿಯನ್ನು ಮಡಚುತ್ತ ಅಕ್ಕೋರು ನನ್ನತ್ತ ನೋಡಿದರು. ತಪ್ಪು ನಿಮ್ಮದು ಎಂದು ಆತನಿಗೆ ಹೇಳಬೇಕಾದವಳು ನಾನು. ಹೇಳಲಿಲ್ಲ. ಡಿಗ್ರಿ ಇಟ್ಟುಕೊಂಡು ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತೆ. ಆ ಸಿಟ್ಟು ಇನ್ನೂ ಆರಿಲ್ಲ. ಕೂಟದವರ ಮೇಲೆಷ್ಟೋ, ನನ್ನ ಮೇಲೂ ಅಷ್ಟೇ.

ಕೆಲವು ವರ್ಷಗಳ ನಂತರ ಅಕ್ಕೋರು ತೀರಿಕೊಂಡರು. ಕೂಟದ ಪತ್ರಿಕೆಗೆಂದು ಬರೆದದ್ದನ್ನು ಅದೇ ಕಾರ್ಯದರ್ಶಿ ಫೋನಿನಲ್ಲಿ ಓದಿದ: "ಜ್ಯೋತಿಷಿ ನೀಲಮ್ಮ ಇನ್ನಿಲ್ಲ..."

"ಅದನ್ನ ಹೊಡೆದುಹಾಕಿ."

"ಅಯ್ಯೋ, ಈಗ್ಯಾಕಮ್ಮ? ಹೋದೋರ ಬಗ್ಗೆ ಒಳ್ಳೇದೇ ಬರ್ದಿದೀವಲ್ಲ."

"ಅವರು ಯಾರು ಅಂತ ಅವತ್ತೂ ನಿಮಗೆ ಕಾಣಲಿಲ್ಲ, ಸಾರ್. ಅಕ್ಕೋರು ಅಂತ ಹಾಕಿ."

"ಅಕ್ಕೋರು ಅಂದ್ರೆ?"

"ನನಗೆ ಕಲಿಸಿದೋರು," ಅಂದೆ. ಫೋನು ಒತ್ತಿಹಿಡಿದಿದ್ದ ಕಿವಿ ಸುಡುತ್ತಿತ್ತು.