ಹೆಬ್ಬೆರಳಿನಿಂದ ಒರೆಸಿದ ಮಣ್ಣು

ಪರಶುರಾಮಣ್ಣ, ಘಾಟಿನಲ್ಲಿ ಲೋಡು ಹಾಕಬೇಡ ಎಂದು ನಾನು ನಿನಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದ್ದೆ ಎಂದದ್ದು ಸುಳ್ಳು. ಆ ಸುಳ್ಳನ್ನು ನಿನ್ನ ಆಸ್ಪತ್ರೆಯ ಮಂಚದ ಪಕ್ಕ ನಿಂತು ಹೇಳಿದೆ. ನೀನು ನಂಬಿದೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಇನ್ನೂ ನಂಬಿಕೊಂಡಿದ್ದೀ.

ಇಷ್ಟನ್ನು ಮೊದಲೇ ಬರೆದುಬಿಟ್ಟೆ. ತಡಮಾಡಿದರೆ ಮತ್ತೆ ಅನುಮಾನ ಶುರುವಾಗುತ್ತದೆ—ನನ್ನ ಚಾಳಿ ನಿನಗೆ ಗೊತ್ತು.

ಎರಡು ಸಾವಿರದ ಇಸವಿ ಇರಬೇಕು, ಅಥವಾ ಅದರ ಮರುವರ್ಷ. ಖಂಡೇನವಮಿಯ, ಆಯುಧಪೂಜೆಯ ಬೆಳಗು ಎಂಬುದು ಮಾತ್ರ ಖಚಿತ. ಇಂಜಿನಿಯರಿಂಗ್ ಮುಗಿಸಿ, ಕೆಲಸ ಸಿಗದೆ, ನಾನು ಮಹಾಂತೇಶ ನಗರದಲ್ಲಿದ್ದ ಸೋದರಮಾವನ ಗ್ಯಾರೇಜಿನಲ್ಲಿ ದಿನ ಕಳೆಯುತ್ತಿದ್ದೆ. ಮಾವ ಅಂದು ಪೂಜೆಗೆಂದು ಬೇರೆ ಕಡೆ ಹೋಗಿದ್ದ. ಖಾನಾಪುರದಿಂದ ಹಂಚು ಸಾಗಿಸುತ್ತಿದ್ದ ನಿನ್ನ ಸಣ್ಣ ಟ್ರಕ್ಕನ್ನು ನೀನು ತಂದು ನಿಲ್ಲಿಸಿದೆ. ಹಿಂದೆ ಗೋಣಿಚೀಲ ಸುತ್ತಿದ ನಾಲ್ಕು ಹೊಸ ಅಲಾಯ್ ಗಾಲಿ. ಕಂಪನಿಯ ಗಾಲಿ ಬಿಚ್ಚಿ ಇವನ್ನು ಹಾಕಬೇಕು, ಪೂಜೆಗೆ ಗಾಡಿ ಮದುಮಗನ ಹಾಗೆ ಕಾಣಬೇಕು. ಹಿಂದಿನ ವಾರ ಆ ಗಾಲಿ ನೋಡಿ, ಅಳತೆ ಹಿಡಿದು, ಕಾಗದದ ಮೇಲೆ ಲೆಕ್ಕ ಮಾಡಿ "ಬರೋಬ್ಬರಿ ಕುಂದರ್ತಾವ" ಎಂದವನು ನಾನೇ.

ಹೊಸ ಗಾಲಿಯ ಒಳಮೈಗೂ, ಅದರೊಳಗೆ ಬ್ರೇಕು ಹಿಡಿಯುವ ಕಬ್ಬಿಣದ ಕ್ಯಾಲಿಪರಿಗೂ ನಡುವೆ ಸಂದು ಇದೆಯೋ ಇಲ್ಲವೋ, ಹೊರಗಿನಿಂದ ಕಾಣುವುದಿಲ್ಲ. ಮಾವ ಒಂದು ಉಪಾಯ ಕಲಿಸಿದ್ದ: ಕ್ಯಾಲಿಪರಿನ ಮೇಲೆ ಹಸಿ ಜೇಡಿಮಣ್ಣು ಮೆತ್ತಿ, ಗಾಲಿ ಹಾಕಿ ಕೈಯಿಂದ ತಿರುಗಿಸಿ, ಮತ್ತೆ ಬಿಚ್ಚಿ ನೋಡಬೇಕು. ಉಳಿದ ಮಣ್ಣಿನ ದಪ್ಪ ಎಷ್ಟೋ, ಸಂದು ಅಷ್ಟು. ಆ ಮಣ್ಣನ್ನೂ ನೀನೇ ತಂದುಕೊಡುತ್ತಿದ್ದೆ, ಹಂಚಿನ ಕಾರ್ಖಾನೆಯಿಂದ, ಒದ್ದೆ ಬಟ್ಟೆಯಲ್ಲಿ ಸುತ್ತಿ.

ಮುಂದಿನ ಗಾಲಿಗಳಲ್ಲಿ ಬಲಗಡೆಯದು ಸರಿ ಇತ್ತು. ಎಡಗಡೆ ಬಿಚ್ಚಿದಾಗ—ಒಂದು ಕಡೆ ಮಣ್ಣು ಪೂರ್ತಿ ಕೆರೆದುಹೋಗಿತ್ತು. ಬೆರಳಗಲ ಬರೀ ಕಬ್ಬಿಣ. ಖಾಲಿ ಗಾಡಿಯಲ್ಲೇ ಹೀಗೆ. ಲೋಡು ಬಿದ್ದು, ಇಳಿಜಾರಿನಲ್ಲಿ ಬ್ರೇಕು ಕಾದರೆ ಏನಾಗುತ್ತದೆಂದು ನನಗೆ ತಿಳಿದಿತ್ತು. ಹಳೆಯ ಗಾಲಿಗಳು ಗೋಡೆಗೆ ಒರಗಿದ್ದವು. ಮರಳಿ ಹಾಕಲು ಅರ್ಧ ಗಂಟೆ ಸಾಕಿತ್ತು.

"ಏನಂತೈತಿ ಮಣ್ಣು, ಇಂಜಿನಿಯರ್ ಸಾಹೇಬ್ರ? ಲಗೂ ಮಾಡು, ನಿಮ್ಮ ವೈನಿ ಆರತಿ ಹಿಡ್ಕೊಂಡು ಬಾಗಲದಾಗ ನಿಂತಿರ್ತಾಳ." ಗಾಲಿಗಳ ಕೆಳಗಿಡಲು ತಂದ ನಾಲ್ಕು ನಿಂಬೆಹಣ್ಣು ನಿನ್ನ ಅಂಗೈಯಲ್ಲಿದ್ದವು. ಸ್ವಲ್ಪ ಹೊತ್ತಿನ ಮುಂಚೆ ಅವನ್ನು ನೋಡಿ ನಾನು ನಕ್ಕಿದ್ದೆ—"ಇವೇನು ಬ್ರೇಕ್ ಹಿಡೀತಾವೇನಣ್ಣಾ?" ನೀನು ಅಂದಿದ್ದೆ: "ಇವು ಹಿಡೀಲಿಲ್ಲಂದ್ರ ನೀ ಕಲತದ್ದು ಹಿಡೀತೈತಿ, ಬಿಡು."

ನನ್ನ ಲೆಕ್ಕ ತಪ್ಪಿದೆ ಎಂದು ಹೇಳಬೇಕಿತ್ತು. ಅಷ್ಟೇ. ಹೆಬ್ಬೆರಳಿನಿಂದ ಮಣ್ಣು ಒರೆಸಿದೆ.

"ಗಾಲಿ ಎಲ್ಲೂ ಹತ್ತೂದಿಲ್ಲ. ಆರಾಮ ಹೋಗಿ ಬಾ."

ನಾಲ್ಕನೆಯ ದಿನ, ಹಂಚು ತುಂಬಿದ ಗಾಡಿ ಲೋಂಡಾ ದಾಟಿದ ಮೇಲಿನ ಘಾಟಿನ ಇಳಿಜಾರಿನಲ್ಲಿ ಎಡ ಮುಂಗಾಲಿ ಹಿಡಿದುಕೊಂಡು ಮರಕ್ಕೆ ಬಡಿಯಿತು. ನಿನ್ನ ಮೊಣಕಾಲು ಮತ್ತೆ ಮಡಚಲಿಲ್ಲ. ಗ್ಯಾರೇಜಿಗೆ ಎಳೆದು ತಂದ ಗಾಡಿಯ ಆ ಗಾಲಿಯನ್ನು ನಾನೇ ಬಿಚ್ಚಿದೆ. ಒಳಮೈಯಲ್ಲಿ ಸುತ್ತಲೂ ಆಳವಾಗಿ ಕೊರೆದ ಗೆರೆ. ಅದೇ ದಿನ ಅದನ್ನು ಗುಜರಿಗೆ ಹಾಕಿದೆ. ಆಗ ನನಗೆ ಏನನ್ನಿಸಿತು? ಈಗಲೂ ಹುಡುಕುತ್ತೇನೆ—ಏನೂ ಸಿಗುವುದಿಲ್ಲ. ಗುಜರಿಯವನ ತಕ್ಕಡಿ ಒಂದು ಕಡೆ ವಾಲಿದ್ದು ನೆನಪಿದೆ.

ಆಸ್ಪತ್ರೆಯಲ್ಲಿ ನೀನು ಕೇಳಿದೆ: "ತಮ್ಮಾ, ಅವತ್ತ ನೀ ಏನರ ಹೇಳಿದ್ದೇನು? ತಲಿಗೆ ಪೆಟ್ಟು ಬಿದ್ದೈತಿ, ನನಗ ಆ ದಿನಾನ ನೆನಪಿಲ್ಲ."

"ಹೇಳಿದ್ನಲ್ಲಣ್ಣಾ, ಘಾಟಿನಾಗ ಲೋಡ್ ಹಾಕಬ್ಯಾಡ ಅಂತ."

ಕಾಲ ಬಳಿ ಕೂತಿದ್ದ ಸುಮನ್ ವೈನಿ ನಿನ್ನತ್ತ ತಿರುಗಿ ನೋಡಿದರು. ನೀನು ಕಣ್ಣು ಮುಚ್ಚಿ, "ಹಂಗಾರ ತಪ್ಪು ನಂದ" ಅಂದೆ.

ಆಮೇಲೆ ನೀನು ಗಾಡಿ ಮಾರಿದೆ. ಖಾನಾಪುರದ ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟೆ. ಬಂದ ಡ್ರೈವರುಗಳಿಗೆಲ್ಲ ಆ ನೆಟ್ಟಗಿನ ಕಾಲು ತಟ್ಟಿ ತೋರಿಸುತ್ತೀ—"ಕಲತವ್ರ ಮಾತು ಕೇಳ್ರಪಾ. ನಾ ಕೇಳಲಿಲ್ಲ." ಹೋದ ತಿಂಗಳು ನನ್ನ ಎದುರಿಗೇ ಹೇಳಿದೆ. ಒಳಗಿನಿಂದ ವೈನಿ, "ಕೇಳಿದ್ರ ಇವತ್ತ ಹಿಂಗ ಕುಂದರ್ತಿದ್ರೇನು?" ಅಂದರು. ನಾನು ಚಹಾ ಕುಡಿದೆ.

ಇನ್ನೊಂದು ಹೇಳಬೇಕು. ನೀನು ಇಷ್ಟು ಸಲ ಹೇಳಿದ ಮೇಲೆ, ಆ ಎಚ್ಚರಿಕೆ ಕೊಟ್ಟದ್ದು ನನಗೀಗ ನೆನಪಾಗತೊಡಗಿದೆ. ಗಾಡಿಯ ಬಾಗಿಲಿನ ಮೇಲೆ ನನ್ನ ಕೈ, ನೀನು ಹೂಂ ಅಂದದ್ದು—ಎಲ್ಲ ಸ್ಪಷ್ಟ, ಮಣ್ಣಿನ ನೆನಪಿಗಿಂತ ಸ್ಪಷ್ಟ. ಯಾವುದಕ್ಕೂ ಸಾಕ್ಷಿ ಇಲ್ಲ, ಎರಡನ್ನೂ ಅನುಮಾನಿಸಬಹುದು ಎಂದು ಎಷ್ಟೋ ದಿನ ನನ್ನನ್ನೇ ನಂಬಿಸಲು ನೋಡಿದೆ. ಆದರೆ ಒಂದು ನೆನಪು ನನ್ನನ್ನು ಉಳಿಸುತ್ತದೆ, ಇನ್ನೊಂದಕ್ಕೆ ಆ ಉದ್ದೇಶವಿಲ್ಲ. ನಂಬಬೇಕಾದದ್ದು ಯಾವುದನ್ನು ಎಂದು ತಿಳಿಯಲು ಪದವಿ ಬೇಕಿಲ್ಲ.

ಬರುವ ಭಾನುವಾರ ಖಾನಾಪುರಕ್ಕೆ ಬಂದು ಇದನ್ನು ಓದುತ್ತೇನೆ. ವೈನಿಯೂ ಕೂತಿರಬೇಕು. ಅಂಗಡಿಗೆ ಯಾರಾದರೂ ಬಂದರೆ ಅವರೂ ಕೇಳಲಿ.

ಇಷ್ಟು ವರ್ಷ ಎಷ್ಟು ಹುಡುಕಿದರೂ ನಿನಗೆ ನೆನಪಾಗದ ಆ ಮಾತು—ಅಣ್ಣಾ, ಅದನ್ನು ಯಾರೂ ಆಡಿರಲಿಲ್ಲ.