ನಿಂತೇ ಕೇಳಿ

1974ನೆಯ ಇಸವಿ ಜೂನ್ ತಿಂಗಳ ಮೂರನೆಯ ತಾರೀಖು, ಸೋಮವಾರ, ದೂರವಾಣಿ ಕೇಂದ್ರದ ಎತ್ತರದ ಕುರ್ಚಿಯ ಮೇಲೆ ಮೊದಲ ಬಾರಿಗೆ ಕುಳಿತಾಗ ಆಕೆಗೆ ಇಪ್ಪತ್ತೆರಡು ವರ್ಷ. ಎದುರಿಗೆ ತೂತುಗಳ ಹಲಗೆ, ಮಡಿಲಲ್ಲಿ ತಂತಿಗಳ ಜಡೆ. ಒಂದು ಊರಿನ ತಂತಿಯನ್ನು ಇನ್ನೊಂದು ಊರಿನ ತೂತಿಗೆ ಸಿಕ್ಕಿಸಿ ಮಾತು ಕೂಡಿಸುವುದು ಆಕೆಯ ಉದ್ಯೋಗ. ದೂರದ ಕರೆಯನ್ನು ಆಗ ಟ್ರಂಕ್ ಕಾಲ್ ಎನ್ನುತ್ತಿದ್ದುದರಿಂದ ಬೀದಿಯವರ ಬಾಯಲ್ಲಿ ಆಕೆ ಟ್ರಂಕಮ್ಮನಾದಳು. ಆಕೆ ನಿವೃತ್ತಳಾದರೂ ಆ ಹೆಸರು ನಿವೃತ್ತವಾಗಲಿಲ್ಲ.

ಅಂದು ತುರ್ತು ಕರೆಯೆಂದರೆ ಒಂದೋ ಸಾವು, ಇಲ್ಲವೇ ಹೆರಿಗೆ. ಗಂಟೆ ಕೇಳಿದೊಡನೆ ಜನರ ಜೀವ ಬಾಯಿಗೆ ಬರುತ್ತಿತ್ತು. ಅದನ್ನು ಕಂಡ ಟ್ರಂಕಮ್ಮ ಯಾವ ನಿಯಮಾವಳಿಯಲ್ಲಿಯೂ ಇಲ್ಲದ ಒಂದು ಪದ್ಧತಿಯನ್ನು ತಾನೇ ಹಾಕಿಕೊಂಡಳು. ಕರೆ ಮಾಡುವವರಿಂದ ಸುದ್ದಿಯ ಬಗೆಯನ್ನಷ್ಟೇ ಕೇಳಿಕೊಂಡು, ಆಚೆ ಎತ್ತಿದವರಿಗೆ ಮುಂಚಿತವಾಗಿ ತಿಳಿಸುವುದು. ಕೆಟ್ಟದ್ದಾದರೆ, "ಕೂತ್ಕೊಂಡು ಕೇಳಿ." ಉಳಿದದ್ದಕ್ಕೆಲ್ಲ, "ನಿಂತೇ ಕೇಳಿ."

ಪಕ್ಕದ ಪಟ್ಟಣದ ಕೇಂದ್ರದಲ್ಲಿದ್ದ ಕಂಚಿನ ಕಂಠದ ಆಪರೇಟರ್ ಕೂಡ ಇದನ್ನು ಕಲಿತಳು. ಆಕೆಗೆ ಇವಳಿಟ್ಟ ಹೆಸರು ಕಂಚು. ಇಬ್ಬರೂ ಇಪ್ಪತ್ತು ವರ್ಷ ದಿನವೂ ಮಾತಾಡಿದರು, ಮುಖ ಮಾತ್ರ ನೋಡಲಿಲ್ಲ. ನೇರ ಡಯಲ್ ಬಂದು ಹಲಗೆಗಳನ್ನು ಕಿತ್ತಾಗ ಆ ಸ್ನೇಹದ ಎಳೆಯೂ ಕಡಿದುಹೋಯಿತು. "ನಮ್ಮ ಕಂಚು ಎಲ್ಲಿದ್ದಾಳೋ" ಎಂದು ಟ್ರಂಕಮ್ಮ ಊಟದ ನಡುವೆ ಎಷ್ಟೋ ಸಲ ಕೈ ನಿಲ್ಲಿಸುತ್ತಿದ್ದಳು.

2019ರ ನವೆಂಬರ್ ಎಂಟು, ಶುಕ್ರವಾರ, ಅಣ್ಣ ತೀರಿಕೊಂಡ ಸುದ್ದಿ ಮೊಬೈಲಿನಲ್ಲಿ ಬಂತು. ಹಾಲು ಕಾಯಿಸುತ್ತಿದ್ದ ಆಕೆ ನಿಂತೇ ಕೇಳಿದಳು. ಅಂದಿನಿಂದ ಗಂಟೆ ಬಾರಿಸಿದರೆ ಸಾಕು, ಕೈಕಾಲು ತಣ್ಣಗಾಗಿ ಎದೆ ಡವಗುಟ್ಟುತ್ತಿತ್ತು. ಮೊಬೈಲನ್ನು ಕಂಬಳಿ ಪೆಟ್ಟಿಗೆಯಲ್ಲಿ ಹೂತಿಟ್ಟಳು. ಹೂತಿಟ್ಟು, ಅದು ಬಡಿದುಕೊಳ್ಳುತ್ತಿದೆಯೇ ಎಂದು ಪೆಟ್ಟಿಗೆಯ ಮೇಲೆಯೇ ಕುಳಿತು ಕಿವಿಗೊಡುತ್ತಿದ್ದಳು! ರಾತ್ರಿ ಸೊಸೆ ಅದನ್ನು ಹೊರತೆಗೆದು ಚಾರ್ಜು ಮಾಡಿ ಮತ್ತೆ ಒಳಗಿಡುತ್ತಿದ್ದಳು. ತಂಗಿ ಕರೆ ಮಾಡಿ ಮಾಡಿ ಬೇಸತ್ತು ಸುಮ್ಮನಾದಳು.

2022ರ ಫೆಬ್ರವರಿ ಮೊದಲ ವಾರದಿಂದ ಗುರುತಿಲ್ಲದ ನಂಬರೊಂದರಿಂದ ದಿನವೂ ಬೆಳಿಗ್ಗೆ ಕರೆ ಬರತೊಡಗಿತು.

"ಅಮ್ಮ, ಊರಿಗೆಲ್ಲ ಲೈನ್ ಕೊಟ್ಟವಳು ನೀನು, ನಿನ್ನ ಲೈನೇ ಸತ್ತಿದೆಯಲ್ಲ!" ಎಂದ ಮಗ. "ಎತ್ತೋದಿಲ್ಲ ಅಂದ್ರೆ ತಿಂಗಳ ಕೊನೆಗೆ ಆ ನಂಬರ್ ಮುಚ್ಚಿಸಿಬಿಡ್ತೀನಿ."

"ಮುಚ್ಚಿಸು, ಪೀಡೆ ತೊಲಗಲಿ."

ಹಾಗೆಂದವಳು ಅಂದು ತಟ್ಟೆಯಲ್ಲಿ ಅನ್ನ ಬಿಟ್ಟೆದ್ದು ಪೆಟ್ಟಿಗೆಯ ಮೇಲೆ ಹೋಗಿ ಕುಳಿತಳು. ಲೋಕದ ಕಡೆಗೆ ತನಗುಳಿದಿದ್ದ ಕೊನೆಯ ತೂತು ಅದೇ ಎಂಬುದನ್ನು ಆಕೆಗಿಂತ ಚೆನ್ನಾಗಿ ಬಲ್ಲವರಾರು?

ಊಟ ಬಿಟ್ಟದ್ದನ್ನು ಗಮನಿಸಿದ ಸೊಸೆ ಮರುದಿನವೇ ಅತ್ತೆಯನ್ನು ಡಾಕ್ಟರಮ್ಮನ ಬಳಿಗೆ ಕರೆದೊಯ್ದಳು.

"ಹೃದಯ ಗಟ್ಟಿಯಾಗಿದೆ. ಆದರೆ ಈ ಹೆದರಿಕೆ ಇದೆಯಲ್ಲ, ಅದೂ ಒಂದು ಕಾಯಿಲೆನೇ. ಹಟ ಅಲ್ಲ, ನಾಟಕ ಅಲ್ಲ. ವಾಸಿಯಾಗುತ್ತೆ. ಏನಕ್ಕೆ ಭಯ, ಹೇಳಿ?"

ಟ್ರಂಕಮ್ಮ ಮೊದಲ ಸಲ ಬಾಯಿಬಿಟ್ಟಳು. "ಆಗೆಲ್ಲ ಸುದ್ದಿಗೂ ಜನಕ್ಕೂ ನಡುವೆ ನಾನಿರ್ತಿದ್ದೆ ಡಾಕ್ಟ್ರೇ. ಈಗ ಸುದ್ದಿಗೂ ನನಗೂ ನಡುವೆ ಯಾರೂ ಇಲ್ಲ." ತನ್ನ ಪದ್ಧತಿಯನ್ನೂ ವಿವರಿಸಿದಳು. ಡಾಕ್ಟರಮ್ಮ ಮಾತ್ರೆ ಬರೆದು, ವಾರಕ್ಕೊಮ್ಮೆ ಬಂದು ಮಾತಾಡಲು ಹೇಳಿದರು. ಸೊಸೆ ಮಾತ್ರ ದಾರಿಯುದ್ದಕ್ಕೂ ಏನೋ ಲೆಕ್ಕ ಹಾಕುತ್ತಿದ್ದಳು.

ಫೆಬ್ರವರಿ ಹದಿನಾರು, ಬುಧವಾರ, ಪೆಟ್ಟಿಗೆಯೊಳಗಿನ ಮೊಬೈಲು ಗಂಟೆ ಬಾರಿಸಿತು. ಸೊಸೆ ಅತ್ತೆಯನ್ನು ಮೇಲೆಬ್ಬಿಸಿ, ಕಂಬಳಿ ಕೆದಕಿ, ಫೋನೆತ್ತಿದಳು. "ಹಲೋ, ಆಪರೇಟರ್ ಮಾತಾಡ್ತಿದ್ದೀನಿ. ಸುದ್ದಿ ಎಂಥದ್ದು?" ಆಚೆಯ ಮಾತು ಕೇಳಿ ಆಕೆಯ ಹುಬ್ಬು ಮೇಲೇರಿತು.

"ಅತ್ತೆ, ನಿಂತೇ ಕೇಳಿ!"

ಟ್ರಂಕಮ್ಮ ಕೈ ನೀಡಿದಳು. ಫೋನು ಕಿವಿಗಿಟ್ಟಳು.

"ಯಾಕೇ, ಎರಡು ವಾರದಿಂದ ಸತಾಯಿಸ್ತಿದ್ದೀಯ! ನಿನ್ನ ನಂಬರ್ ಹುಡುಕೋಷ್ಟರಲ್ಲಿ ನನ್ನ ಉಳಿದ ಹಲ್ಲೂ ಉದುರಿತು!"

ಅದೇ ಕಂಠ, ಕಂಚಿಗೆ ಕಿಲುಬೇ ಹಿಡಿದಿರಲಿಲ್ಲ. ಶನಿವಾರ ಆಕೆ ಹೋಗುವ ರೈಲು ಈ ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲುವುದಂತೆ.

ಹತ್ತೊಂಬತ್ತನೆಯ ತಾರೀಖು ರೈಲು ಬಂದು ನಿಂತಿತು. ಸಾಲುಸಾಲು ಕಿಟಕಿ, ಗುರುತಿಲ್ಲದ ಮುಖಗಳು. ಎಂದೂ ನೋಡದವಳನ್ನು ಹುಡುಕುವುದಾದರೂ ಹೇಗೆ? ಎದೆ ಮತ್ತೆ ಡವಗುಟ್ಟಿತು. ಸೊಸೆ ಕೈಚಾಚಿದಳು. "ಕೊಡಿ, ನಾನೇ ಮಾಡ್ತೀನಿ."

"ಬೇಡ, ಇದು ನನ್ನ ಲೈನು" ಎಂದ ಟ್ರಂಕಮ್ಮ, ಎರಡು ವರ್ಷದ ಮೇಲೆ ಮೊದಲ ಬಾರಿಗೆ ತಾನೇ ಗುಂಡಿ ಒತ್ತಿದಳು.

"ಕಂಚೂ, ನಿಂತೇ ಕೇಳು."

"ಮಂಡಿ ಹಿಡ್ಕೊಂಡಿದೆ ಕಣೇ, ಕೂತೇ ಕೇಳ್ತೀನಿ. ಯಾರೂ ಸತ್ತಿಲ್ಲ ತಾನೇ?"

"ಯಾರೂ ಇಲ್ಲ. ಎಲ್ಲಿದ್ದೀ?"

"ಹಸಿರು ಸೀರೆಯವಳು ನೀನೇನಾ? ತಲೆ ಎತ್ತು. ಅಯ್ಯೋ, ಇಷ್ಟು ಕುಳ್ಳಿ ಅಂದ್ಕೊಂಡಿರ್ಲಿಲ್ಲ!"

ಒಂದು ಗೇಣು ಮೇಲೆ, ಕಿಟಕಿಯಲ್ಲಿ, ಬೊಚ್ಚುಬಾಯಿಯ ದಪ್ಪ ಮುದುಕಿಯೊಬ್ಬಳು ನಗುತ್ತಿದ್ದಳು. ಎಡಗೈಗಳು ಸರಳುಗಳ ನಡುವೆ ಹೆಣೆದುಕೊಂಡವು. ಬಲಗೈಗಳಲ್ಲಿ ಇಬ್ಬರದೂ ಫೋನು, ಕಿವಿಗೆ ಒತ್ತಿಕೊಂಡೇ ಮಾತು.

"ಅತ್ತೆ, ಎದುರಿಗೇ ಇದ್ದಾರಲ್ಲ, ಫೋನ್ ಇಡಿ!"

"ಸುಮ್ನಿರೇ" ಎಂದಳು ಟ್ರಂಕಮ್ಮ. "ಲೈನ್ ಚೆನ್ನಾಗಿದೆ."