ಸೋಸುವ ಬಟ್ಟೆಯ ಮೇಲ್ಮಗ್ಗಲು

ನಮ್ಮೂರ ಕೆರೆಯ ದಂಡೆಯ ಮೇಲಿನ ಆ ತಗಡಿನ ಬೋರ್ಡು ನೆನಪಾದರೆ ಈಗಲೂ ನನಗೆ ಹೇಸಿಗೆ ಬರುತ್ತದೆ. ಎಪ್ಪತ್ತರ ದಶಕದಲ್ಲಿ ನವಲಗುಂದದ ಕಡೆ ಬಾವಿ ನೀರೆಲ್ಲ ಸವಳು, ಬಾಯಿಗಿಡಲು ಬಾರದು. ಕುಡಿಯುವುದು ಕೆರೆ ನೀರೇ. ಅದರಿಂದ ನಾರುಹುಣ್ಣು ಆಗುತ್ತದೆಂದು ಆರೋಗ್ಯ ಖಾತೆಯವರು ಬೋರ್ಡು ನೆಟ್ಟಿದ್ದರು. ಮೇಲೆ ಖಾತೆಯ ಹೆಸರು, ಅದರ ಕೆಳಗೆ ಅಧಿಕಾರಿಯ ಹುದ್ದೆ, ಎರಡೂ ಅಂಗೈಯಗಲದ ಅಕ್ಷರಗಳಲ್ಲಿ. ತಳದಲ್ಲಿ ಇರುವೆ ಸಾಲಿನ ಹಾಗೆ: 'ಈ ಜಲವು ಅಶುದ್ಧ. ಶೋಧಿಸಿ ಸೇವಿಸತಕ್ಕದ್ದು.' ಅದೂ ಮುಖ ಮಾಡಿದ್ದು ಜೀಪು ಬರುವ ದಾರಿಗೆ. ಕೊಡ ಹೊತ್ತು ಮೆಟ್ಟಿಲು ಇಳಿಯುವ ನಮಗೆ ಕಾಣುತ್ತಿದ್ದುದು ಅದರ ತುಕ್ಕು ಹಿಡಿದ ಬೆನ್ನು.

ಸೋಸುವುದನ್ನು ನಮಗೆ ಇವರು ಹೇಳಿಕೊಡಬೇಕೇ? ನಮ್ಮದು ಲಿಂಗಪೂಜೆಯ ಮನೆ. ಬಟ್ಟೆ ಹಾಕಿ ಸೋಸದ ನೀರು ಪೂಜೆಗೂ ಇಲ್ಲ, ಬಾಯಿಗೂ ಇಲ್ಲ. ಆದರೂ ಬೋರ್ಡು ನೆಟ್ಟ ವರ್ಷವೇ ನನ್ನ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಮೀನಖಂಡದಲ್ಲಿ ಬೊಬ್ಬೆ ಎದ್ದು ಒಡೆದು, ಬಿಳಿ ದಾರದಂಥ ಹುಳ ಹೊರಗೆ ಇಣುಕಿತು. ದಿನಾ ಕಡ್ಡಿಗೆ ಸುತ್ತುತ್ತ ಸ್ವಲ್ಪ ಸ್ವಲ್ಪವೇ ಎಳೆಯಬೇಕು, ಹರಿಯಬಾರದು. ಕೀವಿನ ವಾಸನೆಗೆ ನನಗೆ ಊಟ ಸೇರುತ್ತಿರಲಿಲ್ಲ. ವೈನಿ ಮಾತ್ರ ತನ್ನ ಕಾಲು ಮರೆತು, ಸೆರಗು ಹಿಡಿದು ಓಡಾಡುವ ಮಗಳ ಕಾಲನ್ನೇ ತಡವಿ ತಡವಿ ನೋಡುತ್ತಿದ್ದಳು.

ಖಾತೆಯ ಸಾಹೇಬ ಬಂದವನೇ ನಮಗೇ ಬೈದ. ಬೋರ್ಡು ಓದಿಲ್ಲ, ನೀರು ಸೋಸಿಲ್ಲ ಎಂದ. ಅವ್ವ ಸಿಟ್ಟಿಗೆದ್ದು, ಅವನೆದುರೇ ಕೊಡದ ಬಾಯಿಗೆ ಬಟ್ಟೆ ಹಾಸಿ ನೀರು ಸುರಿದಳು. ಆ ಕೊಡ ತುಂಬಿದ ಮೇಲೆ ಇನ್ನೊಂದಕ್ಕೆ, ಹೊಲಸು ನಿಂತ ಮಗ್ಗಲನ್ನು ಕೆಳಗೆ ಮಾಡಿ, ಸ್ವಚ್ಛ ಮಗ್ಗಲನ್ನು ಮೇಲೆ ಹಾಸಿದಳು. ಮಡಿ ಅಂದರೆ ಮಡಿ! ಓಣಿಯವರೆಲ್ಲ ಮಾಡುತ್ತಿದ್ದುದೂ ಹಾಗೆಯೇ.

"ಅಲ್ಲೇ ತಪ್ಪ ಐತ್ರಿ ಅವ್ವಾರ," ಎಂದ ಸಾಹೇಬ. "ಬಟ್ಟಿ ಹೊಳ್ಳಿಸಿ ಹಾಕಿದ್ರ, ಮ್ಯಾಲೆ ನಿಂತ ಹುಳಾ ಎಲ್ಲಾ ಕೊಡದಾಗ ಬೀಳ್ತಾವ್ರಿ."

"ಮತ್ತ ಇದನ್ನ ಬೋರ್ಡಿನ್ಯಾಗ ಯಾಕ ಬರೀಲಿಲ್ರಿ?" ಎಂದೆ.

ಜಾಗ ಸಾಲಲಿಲ್ಲವಂತೆ! ಅವನ ಮುಖದ ಮೇಲೆ ಉಗುಳಬೇಕೆನಿಸಿತು. ಅವ್ವ ಅಂದೇ ಬಟ್ಟೆಯ ಒಂದು ಮಗ್ಗಲಿಗೆ ಕೆಂಪು ದಾರದ ಗೊಂಡೆ ಹೊಲಿದು, ಅದು ಯಾವಾಗಲೂ ಮೇಲೇ ಇರಬೇಕೆಂದು ಮನೆಯವರಿಗೆಲ್ಲ ತಾಕೀತು ಮಾಡಿದಳು.

ಆದರೆ ನೀರಿನ ಜೊತೆ ಹೊಟ್ಟೆಗೆ ಹೋದ ಹುಳ ಹೊರಬೀಳಲು ವರ್ಷ ಹಿಡಿಯುತ್ತದೆ. ಮರುವರ್ಷ ವೈನಿಯ ಮಗಳ ಹಿಮ್ಮಡದಲ್ಲಿ ಬೊಬ್ಬೆ ಎದ್ದಿತು. ಬೋರ್ಡು ಬಂದ ಮೇಲೆ, ಗೊಂಡೆ ಬರುವ ಮೊದಲು ಕುಡಿದ ನೀರು ಅದು. ಅದೇ ವಾರ ಖಾತೆಯವರು ಬಂದು ಬೋರ್ಡಿಗೆ ಹೊಸ ಬಣ್ಣ ಬಳಿದು ಹೋದರು. ಅಕ್ಷರ ಅವೇ, ಮುಖ ಜೀಪಿನ ದಾರಿಗೇ. ಥೂ!

ವೈನಿ ಅಳಲಿಲ್ಲ. ಮಗಳನ್ನು ಬಗಲಿಗೆತ್ತಿಕೊಂಡು ಕೆರೆಗೆ ಹೋಗಿ, ಬೋರ್ಡಿನ ಬೆನ್ನಿಗೆ, ಮೆಟ್ಟಿಲಿನ ಕಡೆಗೆ, ತನ್ನ ಸೋಸುವ ಬಟ್ಟೆಯನ್ನು ಕೆಂಪು ಗೊಂಡೆ ಎದ್ದು ಕಾಣುವಂತೆ ಕಟ್ಟಿದಳು. ನೀರಿಗೆ ಬಂದವರು ಇದೇನೆಂದು ಕೇಳತೊಡಗಿದರು. ಕೇಳಿದವರಿಗೆಲ್ಲ ಬಟ್ಟೆಗೆ ಹೀಗೆ ಗೊಂಡೆ ಹೊಲಿದು ಆ ಮಗ್ಗಲನ್ನೇ ಯಾವಾಗಲೂ ಮೇಲಿಡಬೇಕೆಂದು ಹೇಳಿ, ಮಗಳ ಹಿಮ್ಮಡದ ಪಟ್ಟಿ ಬಿಚ್ಚಿ ತೋರಿಸಿದಳು.